ಕೆಟ್ಟ ಕಂಪ್ರೆಸರ್, ಸೋರುವ ಚೀಲ

ಹಿಂಬದಿಗೆ ಭಾರವೇರಿದಾಗ ತಾನಾಗಿಯೇ ಮೈಯೆತ್ತಿ ಸಮತಲವನ್ನು ಕಾಯ್ದುಕೊಳ್ಳುವ ಕಾರುಗಳಲ್ಲಿ, ಗಾಳಿಯನ್ನೊತ್ತಿ ಆ ಕಾರ್ಯವನ್ನು ನಿರ್ವಹಿಸುವ ಪುಟ್ಟ ಕಂಪ್ರೆಸರ್ ಕೆಟ್ಟಿತೆಂದೊಡನೆ ಹೊಸದನ್ನೇ ಕೊಂಡುಬಿಡುವ ಆತುರ ಇಂದು ಸರ್ವತ್ರ ಕಾಣುತ್ತಿದೆಯಾದರೂ, ಚಾಮರಾಜಪೇಟೆಗೆ ಅನತಿದೂರದ ಜೆ.ಸಿ. ರಸ್ತೆಯ ಅನುಭವಸ್ಥ ಮೆಕ್ಯಾನಿಕನು ಮೊದಲು ಪರೀಕ್ಷಿಸುವುದು ಹಿಂಚಕ್ರಗಳ ಬಳಿಯ ರಬ್ಬರಿನ ಗಾಳಿಚೀಲಗಳನ್ನು. ಸಾಬೂನಿನ ನೀರನ್ನು ಕುಂಚದಿಂದ ಸವರಿದಾಗ, ಮಡಿಕೆಯ ಸೀಳಿನಿಂದ ಸಾಸಿವೆಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಏಳತೊಡಗಿದರೆ ವ್ಯಾಧಿಯ ಮೂಲ ಗೋಚರವಾಯಿತೆಂದೇ ಅರ್ಥ. ಸೋರಿದಷ್ಟನ್ನೂ ತುಂಬಿಕೊಡಲು ಬಿಡುವಿಲ್ಲದೆ ದುಡಿದ ಕಂಪ್ರೆಸರ್ ಕಾದು, ಪಿಸ್ಟನ್ನಿನ ಉಂಗುರ ಸವೆದು, ಕಡೆಗೆ ನಿಶ್ಚೇಷ್ಟಿತವಾಗುತ್ತದೆ. ಚೀಲವನ್ನು ಹಾಗೆಯೇ ಬಿಟ್ಟು ಯಂತ್ರವನ್ನಷ್ಟೇ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಫ್ರಾನ್ಸಿನ ಸಿತ್ರೋಯೆನ್ ಸಂಸ್ಥೆಯು 1955ರಷ್ಟು ಹಿಂದೆಯೇ ತನ್ನ ಡಿಎಸ್ ಕಾರಿನಲ್ಲಿ ತೈಲ ಮತ್ತು ಅನಿಲಗಳ ಒತ್ತಡದಿಂದ ಈ ಸಮತೋಲನವನ್ನು ಸಾಧಿಸಿತ್ತು. ಸೋರಿಕೆಯ ಶತ್ರುತ್ವ ಅದಕ್ಕೂ ತಪ್ಪಿದ್ದಲ್ಲ.

ಕೆಟ್ಟ ಕಂಪ್ರೆಸರಿನ ಮೋಟಾರು ಸುಟ್ಟಿರದಿದ್ದರೆ, ಉಂಗುರವನ್ನೂ, ಗಾಳಿಯ ತೇವವನ್ನು ಹೀರುವ ಸಿಲಿಕಾ ಜೆಲ್ ಹರಳುಗಳನ್ನೂ ಹೊಸದಾಗಿಸಿ ಅದೇ ಕಂಪ್ರೆಸರನ್ನು ಮತ್ತೆ ಕೆಲಸಕ್ಕೆ ಹಚ್ಚಬಹುದೆಂಬುದನ್ನು ತಿಳಿದವರ ವಿದ್ಯೆಯ ಬಗೆಗೆ ನನಗೆ ಅಪಾರ ಗೌರವ. ಕಂಪ್ರೆಸರಿಗೆ ವಿದ್ಯುತ್ತನ್ನು ಹರಿಸಿ ನಿಲ್ಲಿಸುವ ಹಳೆಯ ರಿಲೇಯನ್ನೂ ಅದರೊಂದಿಗೇ ಬದಲಿಸತಕ್ಕದ್ದು: ಅದರ ಸ್ಪರ್ಶಬಿಂದುಗಳು ಅಂಟಿಕೊಂಡರೆ, ವಾಹನ ನಿಂತ ಮೇಲೆಯೂ ಕಂಪ್ರೆಸರ್ ತಿರುಗುತ್ತಲೇ ಇರುವುದುಂಟು.