ಸೋತವನ ಲೆಕ್ಕದ ಪುಟ

ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲೊಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು. ವ್ಯಾಪಾರಿಗಳಾದ ಶ್ರಾವಕರಿಗೆ ಇದು ಪರಿಚಿತವಾದ ಮಾತೇ. ಆದರೂ ಅದರ ಆಳ ನನಗೆ ತಿಳಿದದ್ದು ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿರುವ ಮಗನ ಮನೆಯಲ್ಲಿ, ಹಳೆಯ ಬೇಸ್‌ಬಾಲ್ ಪಂದ್ಯವೊಂದರ ಲೆಕ್ಕವನ್ನು ಮೊಮ್ಮಗನು ನನ್ನ ಮುಂದಿಟ್ಟಾಗ. ಆಟ ನನಗೆ ತಿಳಿಯದು, ಲೆಕ್ಕ ತಿಳಿಯುತ್ತದೆ.

ಪಂದ್ಯ ನಡೆದದ್ದು 1959ರ ಮೇ 26ರಂದು, ಮಿಲ್ವಾಕೀ ನಗರದಲ್ಲಿ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಎಸೆತಗಾರ ಹಾರ್ವೆ ಹ್ಯಾಡಿಕ್ಸ್. ಎದುರಾಳಿ ಮಿಲ್ವಾಕೀ ಬ್ರೇವ್ಸ್. ಈ ಆಟದಲ್ಲಿ ಮೂವರು ಔಟಾದರೆ ತಂಡದ ಒಂದು ಸರದಿ ಮುಗಿಯುತ್ತದೆ. ಒಂಬತ್ತು ಸರದಿಗಳ ಬಳಿಕವೂ ಸಮಬಲವಾಗಿದ್ದರೆ ಆಟ ಮುಂದುವರಿಯುತ್ತದೆ. ಹ್ಯಾಡಿಕ್ಸ್ ಹನ್ನೆರಡು ಸರದಿಗಳಲ್ಲಿ ತನ್ನೆದುರು ಬಂದ 36 ದಾಂಡಿಗರಲ್ಲಿ ಒಬ್ಬನೂ ಮೊದಲ ನೆಲೆ ತಲುಪದಂತೆ ಎಸೆದನು. ಅಂಥ ಒಂಬತ್ತು ಸರದಿಗಳೇ ಬಲು ಅಪರೂಪವಂತೆ. ಆದರೇನು, ಅವನ ತಂಡವು 12 ಹಿಟ್‌ಗಳನ್ನು ಹೊಡೆದರೂ ಎದುರಾಳಿ ಎಸೆತಗಾರ ಲ್ಯೂ ಬರ್ಡೆಟ್ ಒಂದು ಓಟವನ್ನೂ ಬಿಟ್ಟುಕೊಡಲಿಲ್ಲ.

ಹದಿಮೂರನೆಯ ಸರದಿಯಲ್ಲಿ ಹ್ಯಾಡಿಕ್ಸ್‌ನ ಜೊತೆಗಾರ ಡಾನ್ ಹೋಕ್ ಚೆಂಡನ್ನು ತಪ್ಪಾಗಿ ಎಸೆದನು. ಫೀಲಿಕ್ಸ್ ಮಾಂಟಿಯಾ ಮೊದಲ ನೆಲೆ ಸೇರಿದನು. ಮುಂದಿನವನು ತಾನು ಔಟಾಗಿ ಅವನನ್ನು ಎರಡನೆಯ ನೆಲೆಗೆ ದಾಟಿಸಿದನು. ಪ್ರಬಲ ದಾಂಡಿಗ ಹ್ಯಾಂಕ್ ಆರನ್‌ನಿಗೆ ಬೇಕೆಂದೇ ಮೊದಲ ನೆಲೆಯನ್ನು ಬಿಟ್ಟುಕೊಟ್ಟರು. ಆಗ ಜೋ ಆಡ್‌ಕಾಕ್ ಚೆಂಡನ್ನು ಬೇಲಿಯಾಚೆಗೆ ಹೊಡೆದನು. ಮೂರು ಓಟಗಳಾಗಬೇಕಿತ್ತು. ಆದರೆ ಆರನ್ ಆಟ ಮುಗಿಯಿತೆಂದು ಹಾದಿ ಬಿಟ್ಟು ಹೊರಟನು; ಆಡ್‌ಕಾಕ್ ಅವನನ್ನು ಹಿಂದಿಕ್ಕಿ ಓಡಿದನು. ಮುಂದಿನ ಓಟಗಾರನನ್ನು ದಾಟಿದವನು ನಿಯಮದಂತೆ ಔಟ್. ಮರುದಿನ ಲೀಗಿನ ಅಧ್ಯಕ್ಷ ವಾರೆನ್ ಜೈಲ್ಸ್ ಅವರು ಆ ಹೊಡೆತವನ್ನು ಹೋಮ್ ರನ್ ಅಲ್ಲ, ಡಬಲ್ ಎಂದು ನಿರ್ಣಯಿಸಿ, ಅಂಕವನ್ನು 1-0 ಎಂದು ನಿಗದಿಪಡಿಸಿದರು.

ಗೆದ್ದವರು ಗೆದ್ದೇ ಇದ್ದರು, ಸೋತವರು ಸೋತೇ ಇದ್ದರು. ಹಾಗಾದರೆ ತಿದ್ದುಪಡಿಯಿಂದ ಯಾರಿಗೆ ಲಾಭ? ನನಗೆ ಕಂಡಂತೆ ಯಾರಿಗೂ ಇಲ್ಲ. ಆದರೂ ತಿದ್ದಿದರು, ತಿದ್ದಿದ್ದನ್ನೂ ಮುಚ್ಚಿಡಲಿಲ್ಲ. ಹೋಕ್‌ನ ತಪ್ಪು ಇಂದಿಗೂ ಅವನ ಹೆಸರಿನಲ್ಲೇ ಇದೆ. 1991ರಲ್ಲಿ ಸಮಿತಿಯೊಂದು, ಕೊನೆಯವರೆಗೂ ಹಿಟ್ ಕೊಡದ ಪಂದ್ಯಗಳನ್ನು ಮಾತ್ರ ಆ ಗೌರವದ ಪಟ್ಟಿಯಲ್ಲಿರಿಸಬೇಕೆಂದು ತೀರ್ಮಾನಿಸಿದ್ದರಿಂದ ಹ್ಯಾಡಿಕ್ಸ್‌ನ ಸಾಧನೆ ಪಟ್ಟಿಯಿಂದ ಹೊರಬಿತ್ತು. ಇದು ನನಗೆ ಕೊಂಚ ನಿಷ್ಠುರವೆನಿಸಿತು. ಆದರೆ ಪಟ್ಟಿ ಬೇರೆ, ಲೆಕ್ಕದ ಪುಟ ಬೇರೆ. ಪುಟದಲ್ಲಿ 36 ಮಂದಿಯೂ ಇದ್ದಾರೆ, ಆ ಒಂದು ಹಿಟ್ಟೂ ಇದೆ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. 1998ರಲ್ಲಿ ನಮ್ಮ ಬಸದಿಯ ಟ್ರಸ್ಟಿನ ಲೆಕ್ಕ ಬರೆಯುತ್ತಿದ್ದಾಗ, ಪೂಜಾನಿಧಿಗೆ ಬಂದ 5,000 ರೂಪಾಯಿಗಳನ್ನು ಜೀರ್ಣೋದ್ಧಾರದ ಖಾತೆಗೆ ಜಮಾ ಮಾಡಿದ್ದೆ. ತಪ್ಪು ಕಂಡದ್ದು ವಾರ್ಷಿಕ ಸಭೆಗೆ ಎರಡು ದಿನ ಮೊದಲು. ಎದುರು ನಮೂದು ಬರೆದಿದ್ದರೆ ಸಾಕಿತ್ತು, ಬಿ.ಕಾಂ. ಓದಿದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಕಿರ್ದಿ ಪುಸ್ತಕದ ಹೊಲಿಗೆ ಬಿಚ್ಚಿ, ಹಾಳೆ ಬದಲಿಸಿ, ಎಲ್ಲವನ್ನೂ ಹೊಸದಾಗಿ ಬರೆದೆ. ಒಂದು ಪೈಸೆಯೂ ವ್ಯತ್ಯಾಸವಾಗಲಿಲ್ಲ. ಸಭೆಯಲ್ಲಿ ನನ್ನ ಅಚ್ಚುಕಟ್ಟುತನವನ್ನು ಹೊಗಳಿದರು. ನಾನು ಕೈಮುಗಿದು ಸ್ವೀಕರಿಸಿದೆ. ಆ ಹಾಳೆಯಲ್ಲಿದ್ದ ಅಂಕಿಗಳೆಲ್ಲ ನಿಜ. ಹಾಳೆಯೇ ಸುಳ್ಳು.

ಊರಿಗೆ ಮರಳಿದ ಮೇಲೆ ಟ್ರಸ್ಟಿನ ಸಭೆಯಲ್ಲಿ ಇದನ್ನು ಹೇಳಿದೆ. ಅಧ್ಯಕ್ಷರು ನಕ್ಕರು. "ಲೆಕ್ಕ ಸರಿಯಿದೆಯಲ್ಲ, ಈಗೇಕೆ ಬಿಡಿ" ಎಂದರು. ನಡಾವಳಿ ಪುಸ್ತಕದಲ್ಲಿ ದಾಖಲಿಸಲೇಬೇಕೆಂದು ಕೇಳಿಕೊಂಡೆ. ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಲೇಖನಿಯನ್ನು ಹಿಡಿದೇ ಕುಳಿತಿದ್ದರು, ಬಳಿಕ ಬರೆದರು. ನಾನು ಓದಿ, ಕೆಳಗೆ ರುಜು ಹಾಕಿದೆ.