ಒಂದು ಮರಳಿನ ಕಣ, 200 ಗಜ

1/7
ಮೊದಲ ಫೋಟೋದಲ್ಲಿರೋದು ಬಂದೂಕಲ್ಲ, ನೋಡಿ. ಎರಡು ಲೋಹದ ಉಂಗುರ, ಪಕ್ಕದಲ್ಲಿ ಒಂದೊಂದು ಪುಟ್ಟ ಲಿವರ್. ಇದಕ್ಕೆ ಕ್ವಿಕ್ ರಿಲೀಸ್ ರಿಂಗ್ ಅಂತಾರೆ. ಬೇಟೆ ರೈಫಲ್ ಮೇಲೆ ಸ್ಕೋಪ್ ಕೂರಿಸೋದಕ್ಕೆ. ಲಿವರ್ ತಿರುಗಿಸಿದ್ರೆ ಸ್ಕೋಪ್ ಕೈಗೆ ಬರುತ್ತೆ, ಮತ್ತೆ ತಿರುಗಿಸಿದ್ರೆ ಕೂರುತ್ತೆ. ಸ್ಕ್ರೂಡ್ರೈವರ್ ಬೇಡ. ಹೋದ ನವೆಂಬರ್‌ನಲ್ಲಿ ಮೊಂಟಾನಾದಲ್ಲಿ ಈ ಲಿವರ್ ತಿರುಗಿಸಿದ್ದು ನಾನು. ಅದರ ಕಥೆ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

2/7
ಮೊದಲು ಕ್ಲಾಸ್‌ಮೇಟ್ಸ್ ಪ್ರಶ್ನೆಗೆ ಉತ್ತರ. "ಏನೋ, ಅಲ್ಲಿ ಹೋಗಿ ಬಂದೂಕು ಹಿಡಿದ್ಯಾ?" ಇಲ್ಲ ಕಣ್ರೋ. ಅಮೆರಿಕದಲ್ಲಿ ಸ್ಟೂಡೆಂಟ್ ವೀಸಾದವರು ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ನನ್ನ ಹತ್ತಿರ ಲೈಸೆನ್ಸ್ ಇರಲಿಲ್ಲ. ಲೈಸೆನ್ಸ್ ಇದ್ದದ್ದು ನಮ್ಮ ಮನೆ ಓನರ್‌ಗೆ. ಎಪ್ಪತ್ತು ದಾಟಿದ ಮನುಷ್ಯ, ಮೊಣಕಾಲು ನೋವು. ಜೊತೆಗೆ ನಡೆಯೋಕೆ, ಚೀಲ ಹೊರೋಕೆ ನಾನು. ಬಂದೂಕು ಅವರ ಮಡಿಲಲ್ಲಿ, ಸ್ಕೋಪ್ ನನ್ನ ಚೀಲದಲ್ಲಿ. ಇಬ್ಬರಿಗೂ ಕಿತ್ತಳೆ ಬಣ್ಣದ ಜಾಕೆಟ್. ಅಲ್ಲಿ ಬೇಟೆಗಾರರು ಸೊಂಟದ ಮೇಲೆ ಕನಿಷ್ಠ 400 ಚದರ ಇಂಚು ಆ ಬಣ್ಣ ಹಾಕಲೇಬೇಕು, ಕಾನೂನು.

ಊರಲ್ಲಿ ಈ ಮಾತೇ ಇಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮಲ್ಲಿ ಜಿಂಕೆ ಬೇಟೆ ಅಪರಾಧ. ಇದನ್ನ ಓದಿ ಯಾರೂ ಹುರುಪಾಗಬೇಡಿ, ಪ್ಲೀಸ್.

3/7
ಸ್ಕೋಪನ್ನ ಯಾಕೆ ಬಿಚ್ಚಬೇಕು? ಬೆಳಿಗ್ಗೆ ನಾವು ದಟ್ಟ ಪೈನ್ ಕಾಡಲ್ಲಿದ್ವಿ. ಹಿಮ ಬೀಳ್ತಾ ಇತ್ತು, ಗಾಜಿನ ಮೇಲೆಲ್ಲಾ ನೀರು. ಮೂವತ್ತು ಗಜದಾಚೆ ಏನೂ ಕಾಣದ ಕಡೆ ದೂರದ್ದನ್ನ ಹತ್ತಿರ ತೋರಿಸೋ ಗಾಜು ಯಾಕೆ? ಅಂಥ ಕಡೆ ನಳಿಗೆ ಮೇಲಿನ ಕಬ್ಬಿಣದ ಗುರಿಗಣ್ಣೇ ವಾಸಿ. ನಮ್ಮ ತಾತನ ಕೋವಿಯಲ್ಲಿ ಇದ್ದದ್ದೂ ಅಷ್ಟೇ, ತುದಿಯಲ್ಲೊಂದು ಕಾಳಿನಷ್ಟು ಮಣಿ. ಬೇರೆ ಉಪಯೋಗಗಳೂ ಇವೆ: ಪ್ರಯಾಣದಲ್ಲಿ ಸ್ಕೋಪನ್ನ ಬೇರೆ ಜೋಪಾನವಾಗಿ ಇಡಬಹುದು, ಬಿದ್ದು ಒಡೆದ್ರೆ ತೆಗೆದುಹಾಕಿ ಕಬ್ಬಿಣದ ಗುರಿಯಲ್ಲೇ ದಿನ ಮುಗಿಸಬಹುದು.

ಮಧ್ಯಾಹ್ನ ಬಯಲಿಗೆ ಬಂದ್ವಿ. ಈಗ ಸ್ಕೋಪ್ ಬೇಕು. ಓನರ್ ಬಂದೂಕು ಖಾಲಿ ಮಾಡಿ, ಬೋಲ್ಟ್ ತೆಗೆದು, ಮಡಿಲಲ್ಲಿ ಅಡ್ಡ ಹಿಡಿದರು. ಕೈ ಮರಗಟ್ಟಿದ್ದರಿಂದ ಲಿವರ್ ಕೆಲಸ ನನಗೆ ಕೊಟ್ಟರು.

4/7
ನಾನು ಏನು ಮಾಡಿದೆ ಅಂದ್ರೆ, ಗ್ಲೌಸ್ ತೆಗೆಯೋಕೆ ಅಂತ ಸ್ಕೋಪನ್ನ ಪಿಕಪ್‌ನ ಹಿಂಬಾಗಿಲ ಮೇಲೆ ಇಟ್ಟೆ. ಅರ್ಧ ನಿಮಿಷ ಅಷ್ಟೇ. ಆ ಬಾಗಿಲ ಮೇಲೆ ಒದ್ದೆ ಮರಳಿತ್ತು. ರಿಂಗ್‌ನ ತಳ ಒರೆಸಲಿಲ್ಲ. ರೈಲ್ ಮೇಲೆ ಕೂರಿಸಿ ಟಕ್, ಟಕ್, ಎರಡೂ ಲಿವರ್ ಒತ್ತಿದೆ. "ಸರಿಯಾಗಿ ಕೂತಿದೆಯಾ?" ಅಂತ ಕೇಳಿದರು.

"ಕೂತಿದೆ" ಅಂದೆ. ನೋಡಿರಲಿಲ್ಲ. ಆ ಸದ್ದು ಎಷ್ಟು ಚೆನ್ನಾಗಿತ್ತು ಅಂದ್ರೆ, ಸರಿಯಾಗಿ ಕೂತಿದೆ ಅಂತಲೇ ಅನ್ನಿಸಿತ್ತು.

ಅಲ್ಲಿಂದ ಅರ್ಧ ಗಂಟೆ ನಡೆದ ಮೇಲೆ ಎದುರಿನ ಇಳಿಜಾರಲ್ಲಿ ಒಂದು ಮ್ಯೂಲ್ ಡೀರ್, ಅಗಲ ಕಿವಿಯ ಗಂಡು. ಸರಿಯಾಗಿ 200 ಗಜ. ಗಾಳಿ ಇಲ್ಲ. ಅವರು ಚೀಲದ ಮೇಲೆ ನಳಿಗೆ ಊರಿ, ಉಸಿರು ಬಿಟ್ಟು, ಹೊಡೆದರು. ಜಿಂಕೆ ಒಮ್ಮೆ ಕುಗ್ಗಿ, ಗುಡ್ಡ ದಾಟಿ ಓಡಿತು.

5/7
ಅದು ನಿಂತಿದ್ದ ಜಾಗದಲ್ಲಿ ಹಿಮದ ಮೇಲೆ ಒಂದು ಹಿಡಿ ಕೂದಲು. ಹತ್ತು ಹೆಜ್ಜೆ ಮುಂದೆ ನಾಲ್ಕು ಹನಿ ರಕ್ತ. ಆಮೇಲೆ ಎರಡು. ಆಮೇಲೆ ಬರೀ ಹೆಜ್ಜೆ. ಮೂರು ಗಂಟೆ ಹುಡುಕಿದ್ವಿ. ಕುಂಟುತ್ತಾ ನಡೆದ ಆ ಮುದುಕ ಒಂದು ಸಲವೂ ವಾಪಸ್ ಹೋಗೋಣ ಅನ್ನಲಿಲ್ಲ. ಕತ್ತಲಾಗೋ ಹೊತ್ತಿಗೆ ಆ ಹೆಜ್ಜೆ ಬೇರೆ ಹಿಂಡಿನ ಹೆಜ್ಜೆಗಳಲ್ಲಿ ಸೇರಿಹೋಯ್ತು. ಮರುದಿನ ಬೆಳಕು ಹರಿಯೋ ಮುಂಚೆ ಮತ್ತೆ ಹೋದ್ವಿ. ರಾತ್ರಿ ಬಿದ್ದ ಹಿಮ ಎಲ್ಲಾ ಮುಚ್ಚಿತ್ತು.

ಅದು ಬದುಕಿದೆಯೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಮೇಲ್ಮೈ ಗಾಯ ಅಂತ ಅವರು ಹೇಳಿದರು. ನನ್ನ ಸಮಾಧಾನಕ್ಕೆ ಹೇಳಿದರಾ, ಅದೂ ಗೊತ್ತಿಲ್ಲ.

6/7
ಮಧ್ಯಾಹ್ನ ಶೂಟಿಂಗ್ ರೇಂಜ್‌ಗೆ ಹೋದ್ವಿ. ಸ್ಕೋಪ್ ಮುಟ್ಟದೆ, ಹಾಗೇ, 100 ಗಜಕ್ಕೆ ಅವರು ಮೂರು ಗುಂಡು ಹೊಡೆದರು. ಮೂರೂ ಒಂದರ ಪಕ್ಕ ಒಂದು, ಆದ್ರೆ ಗುರಿಗಿಂತ 3 ಇಂಚು ಮೇಲೆ. ಸ್ಕೋಪ್ ಬಿಚ್ಚಿದ್ರೆ, ಹಿಂದಿನ ರಿಂಗ್ ತಳದಲ್ಲಿ ಒಂದು ಮರಳಿನ ಕಣ ಅಪ್ಪಚ್ಚಿಯಾಗಿ ಕೂತಿತ್ತು.

ಲೆಕ್ಕ ಹಾಕಿ ನೋಡಿ. ಎರಡು ರಿಂಗ್ ನಡುವೆ ಸುಮಾರು 12 ಸೆಂ.ಮೀ. 200 ಗಜ ಅಂದ್ರೆ 183 ಮೀಟರ್, ಅಂದ್ರೆ ಅದರ ಸುಮಾರು 1,500 ಪಟ್ಟು. ಹಿಂದಿನ ರಿಂಗ್ ಒಂದು ಕಾಗದದ ದಪ್ಪದಷ್ಟು, 0.1 ಮಿ.ಮೀ. ಎದ್ದರೆ ಸಾಕು, ಗುಂಡು ಅಲ್ಲಿ 15 ಸೆಂ.ಮೀ. ಮೇಲೆ ಬೀಳುತ್ತೆ. ಜಿಂಕೆಯ ಹೃದಯ, ಶ್ವಾಸಕೋಶ ಇರೋ ಜಾಗ ಸುಮಾರು 20 ಸೆಂ.ಮೀ. ಅಗಲ. ನಟ್ಟ ನಡುವಿಗೆ ಗುರಿಯಿಟ್ಟವರಿಗೆ ಸುತ್ತಲೂ ಸಿಗೋದು ಹತ್ತೇ ಸೆಂ.ಮೀ.

ತಳ, ರೈಲ್ ಎರಡೂ ಒರೆಸಿದ್ವಿ. ಯಾವ ಕಚ್ಚಲ್ಲಿತ್ತೋ ಅದೇ ಕಚ್ಚಲ್ಲಿ ಕೂರಿಸಿ, ಮೂತಿ ಕಡೆಗೆ ಮುಂದಕ್ಕೆ ಒತ್ತಿ ಹಿಡಿದು ಲಿವರ್ ಬಿಗಿದೆ. ಗುಂಡು ಹಾರುವಾಗ ಬಂದೂಕು ಹಿಂದಕ್ಕೆ ಒದೆಯುತ್ತೆ, ಸ್ಕೋಪ್ ಇದ್ದಲ್ಲೇ ಉಳಿಯೋಕೆ ನೋಡುತ್ತೆ. ಮೊದಲೇ ಕಚ್ಚಿನ ಮುಂದಿನ ಗೋಡೆಗೆ ಒತ್ತಿಕೊಂಡಿದ್ರೆ ಜರುಗೋಕೆ ಜಾಗ ಇರಲ್ಲ. ಮತ್ತೆ ಮೂರು ಗುಂಡು: ಎಲ್ಲಾ ನಡುವಿಗೇ. ಬಿಚ್ಚಿ ಕೂರಿಸಿ ಇನ್ನೂ ಮೂರು: ಅಲ್ಲೇ. ರಿಂಗ್‌ನದ್ದು ಏನೂ ತಪ್ಪಿರಲಿಲ್ಲ. ಅದೇ ಜಾಗಕ್ಕೆ ವಾಪಸ್ ಬರ್ತೀನಿ ಅನ್ನೋದಷ್ಟೇ ಅದರ ಮಾತು. ಆ ಜಾಗ ಖಾಲಿ ಇಟ್ಟಿರಬೇಕಾದವನು ನಾನು.

7/7
ಕಾರಲ್ಲಿ ಹೇಳಿದೆ, "ನಾನು ನೋಡದೆ ಕೂತಿದೆ ಅಂದಿದ್ದೆ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೋಡದೆ ಹೊಡೆದದ್ದು ನಾನು" ಅಂದರು. ಆ ಸೀಸನ್‌ನಲ್ಲಿ ಅವರು ಮತ್ತೆ ಬಂದೂಕು ಎತ್ತಲಿಲ್ಲ.

ಈ ಸಲ ಕೈಲ್‌ಪೊಳ್ದ್‌ಗೆ ಊರಲ್ಲಿದ್ದೆ. ತಾತನ ಕೋವಿ ಒರೆಸಿ, ತೋಕ್ ಪೂ ಸಿಕ್ಕಿಸಿ, ಪೂಜೆ ಮಾಡಿದ್ವಿ. ಬಟ್ಟೆ ಹಿಡಿದು ನಾನು ಎರಡನೇ ಸಲ ಒರೆಸ್ತಿದ್ದಾಗ ತಮ್ಮ ನಕ್ಕ, "ತೆಂಗಿನಕಾಯಿಗೆ ಹೊಡೆಯೋಕೆ ಇಷ್ಟೊಂದಾ?" ಚಿಕ್ಕವನಿದ್ದಾಗ ತಾತ ಒರೆಸೋದು ನೋಡಿ ನಾನೂ ಹೀಗೇ ನಗ್ತಿದ್ದೆ. ಅವರು ಬೈದಿರಲಿಲ್ಲ, ಬಟ್ಟೆಯ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟಿದ್ದರು. ನಾನೂ ತಮ್ಮನಿಗೆ ಅದನ್ನೇ ಮಾಡಿದೆ.

ಕೊನೇ ಫೋಟೋದಲ್ಲಿರೋದು ಹಳೇ ಟೂತ್‌ಬ್ರಶ್. ಅದು ಈಗ ಓನರ್ ಚೀಲದಲ್ಲಿ, ಸ್ಕೋಪ್ ಪಕ್ಕದಲ್ಲೇ ಇದೆ. ನಾನೇ ಇಟ್ಟಿದ್ದು.

ನೀವೂ ಯಾವತ್ತಾದ್ರೂ ನೋಡದೆ "ಸರಿಯಾಗಿದೆ" ಅಂದಿದ್ದೀರಾ? ಕಾಮೆಂಟಲ್ಲಿ ಬರೀರಿ. ನಾನು ಯಾರನ್ನೂ ಆಡಿಕೊಳ್ಳಲ್ಲ.

#ಕನ್ನಡದಲ್ಲಿ_ಬರೆಯೋಣ #ಮೊಂಟಾನಾ_ಡೈರಿ #ಕೊಡಗು #ನೋಡಿ_ಹೇಳು