ಟೈರಿಗೆ ನೋವಿನ ಮುಲಾಮಿನ ವಾಸನೆ

ಗಾಡಿ ಸಲೀಸಾಗಿ ಓಡಲಿ ಎಂದು ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ನೋಡಿ ಬೆಳೆದವರು ನಾವು. ಟೈರಿಗೇ ಎಣ್ಣೆಯಂಥದ್ದನ್ನು ಹಚ್ಚುತ್ತಾರೆ, ಅದೂ ಜಾರದೇ ಇರಲಿ ಅಂತ, ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆವು. ಹೋದ ವರ್ಷ ಆ ನಗು ನಮ್ಮ ಕಡೆಗೇ ತಿರುಗಿತು.

ಜೊತೆಗೆ ಓದಿದ ನಾವು ಮೂವರು ಬೆಂಗಳೂರಿನಲ್ಲಿ ಒಂದೇ ರೂಮಿನಲ್ಲಿದ್ದೇವೆ. ಪಕ್ಕದ ರೂಮಿನ ಗೆಳೆಯನಿಗೆ ರಿಮೋಟ್ ಕಾರು ರೇಸಿನ ಹುಚ್ಚು. ಇದು ಜಾತ್ರೆಯಲ್ಲಿ ಸಿಗುವ ಆಟಿಕೆ ಅಲ್ಲ. ನಿಜವಾದ ಕಾರಿನ ಹತ್ತನೇ ಒಂದು ಅಳತೆ, ಒಳಗೆ ಮೋಟರು, ನಾಲ್ಕೂ ಚಕ್ರಕ್ಕೆ ಸಸ್ಪೆನ್ಷನ್. ಜಪಾನಿನ ತಮಿಯಾ ಕಂಪನಿ ತನ್ನ ಮೊದಲ ರಿಮೋಟ್ ಕಾರನ್ನು ತಂದದ್ದು 1976ರಲ್ಲಿ. ನಮ್ಮ ಗೆಳೆಯನ ಕಾರು ಯಾರೋ ಬಳಸಿ ಮಾರಿದ್ದು. ಮನೆಮನೆಗೆ ಪಾರ್ಸಲ್ ಮುಟ್ಟಿಸಿ ಉಳಿಸಿದ ದುಡ್ಡಿನಲ್ಲಿ ಕೊಂಡಿದ್ದ.

ಒಂದು ಭಾನುವಾರ ಊರಿನ ಹೊರಗೆ, ಖಾಲಿ ಪಾರ್ಕಿಂಗ್ ಜಾಗದಲ್ಲಿ ಚಿಕ್ಕ ರೇಸು. ದುಡ್ಡು ಕಟ್ಟಿಯಾಗಿತ್ತು. ಅಷ್ಟರಲ್ಲಿ ಅಕ್ಕನ ಮದುವೆ ಮಾತುಕತೆ ಎಂದು ಅವನು ಊರಿಗೆ ಹೋಗಬೇಕಾಯಿತು. "ನೀವೇ ಓಡಿಸಿ" ಎಂದು ಕಾರು ಕೊಟ್ಟು ಹೋದ.

ಹಿಂದಿನ ರಾತ್ರಿ ನೋಡಿದರೆ ಟೈರೆಲ್ಲ ಧೂಳು. ಫಳಫಳ ಹೊಳೆಯುವಂತೆ ಮಾಡಿ ಅವನನ್ನು ಖುಷಿಪಡಿಸೋಣ ಅಂದುಕೊಂಡೆವು. ಬಾಗಿಲಿಗೆ ಬಣ್ಣ ಹೊಡೆದು ಉಳಿದ ಥಿನ್ನರ್ ಮೂಲೆಯಲ್ಲಿತ್ತು. ಬಟ್ಟೆ ಅದ್ದಿ ಅದ್ದಿ ಉಜ್ಜಿದೆವು. ಟೈರು ಕಪ್ಪಗೆ ಮಿಂಚಿತು. ನೆಮ್ಮದಿಯಿಂದ ಮಲಗಿದೆವು.

ಮರುದಿನ ಮೊದಲ ತಿರುವಿನಲ್ಲೇ ಕಾರು ಮಳೆಗಾಲದ ಪಾಚಿಯ ಮೇಲೆ ಕಾಲಿಟ್ಟವರಂತೆ ಜಾರಿತು. ಎರಡನೇ ತಿರುವಿನಲ್ಲಿ ಒಂದು ಟೈರು ರಿಮ್ಮಿನಿಂದ ಕಿತ್ತು ಬಂತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅದನ್ನು ಮೂಸಿ ನೋಡಿ ಕೇಳಿದರು: "ಥಿನ್ನರ್ ಹಾಕಿದ್ರಾ?"

ನಾವು ತಲೆ ತಗ್ಗಿಸಿದೆವು.

ಅವರು ಬೈಯಲಿಲ್ಲ, ಕೂರಿಸಿಕೊಂಡು ಹೇಳಿದರು. ಈ ಟೈರಿನಲ್ಲಿ ಗಾಳಿ ಇರುವುದಿಲ್ಲ, ಒಳಗೆ ಸ್ಪಂಜು. ಅಗಲ ಸುಮಾರು 26 ಮಿಲಿಮೀಟರ್. ರಿಮ್ಮಿಗೆ ಅಂಟಿಸುವುದು ಫೆವಿಕ್ವಿಕ್‌ನಂಥ ಗೋಂದಿನಿಂದ. ಥಿನ್ನರಿಗೆ ಆ ಗೋಂದು ಬಿಟ್ಟುಕೊಳ್ಳುತ್ತದೆ. ರಬ್ಬರನ್ನು ಮೆತ್ತಗಿಡುವ ಎಣ್ಣೆಯ ಅಂಶವೂ ಹೋಗಿ, ಒಣಗಿದ ಮೇಲೆ ರಬ್ಬರು ಗಡುಸಾಗುತ್ತದೆ. ಮೆತ್ತಗಿನ ರಬ್ಬರು ನೆಲದ ಸಣ್ಣ ಸಣ್ಣ ಉಬ್ಬುತಗ್ಗಿಗೆ ಕಚ್ಚಿಕೊಳ್ಳುತ್ತದೆ, ಅದೇ ಹಿಡಿತ. ನಡುವೆ ಧೂಳು ಬಂದರೆ ರಾಗಿ ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ.

ಅವರು ಮಾಡಿ ತೋರಿಸಿದ ಕ್ರಮ ಇದು. ಓಟ ಮುಗಿದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಬೇಕು. ಜಿಡ್ಡಿದ್ದರೆ ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಸಾಕು. ನೀರಿನಲ್ಲಿ ಮುಳುಗಿಸಬಾರದು, ರಿಮ್ಮಿನ ತೂತಿನಿಂದ ನೀರು ಹೊಕ್ಕರೆ ಸ್ಪಂಜು ಭಾರವಾಗಿ ಚಕ್ರ ನಡುಗುತ್ತದೆ. ಪೂರ್ತಿ ಒಣಗಿದ ಮೇಲೆ ಟೈರಿಗೆಂದೇ ಬರುವ ದ್ರವವನ್ನು ಬ್ರಷ್ಷಿನಿಂದ ತೆಳ್ಳಗೆ ಹಚ್ಚಿ, ಹದಿನೈದಿಪ್ಪತ್ತು ನಿಮಿಷ ಬಿಟ್ಟು, ಟ್ರ್ಯಾಕಿಗೆ ಇಳಿಸುವ ಮುಂಚೆ ಒರೆಸಿ ತೆಗೆಯಬೇಕು. ಒರೆಸದಿದ್ದರೆ ಅದೇ ಜಾರಿಸುತ್ತದೆ.

ಡಬ್ಬಿ ತೆರೆದಾಗ ಅಜ್ಜಿಯ ಮಂಡಿನೋವಿನ ಮುಲಾಮು ನೆನಪಾಯಿತು. ಸುಳ್ಳಲ್ಲ. ಇಂಥ ಹಲವು ದ್ರವಗಳಲ್ಲಿ ಇರುವುದೂ ಮುಲಾಮಿನಲ್ಲಿ ಇರುವುದೂ ಒಂದೇ, ಮೀಥೈಲ್ ಸ್ಯಾಲಿಸಿಲೇಟ್. ಅದು ರಬ್ಬರಿನ ಮೇಲ್ಪದರವನ್ನು ಮೆತ್ತಗೆ ಮಾಡುತ್ತದೆ. ಹೊಟ್ಟೆಗೆ ಹೋದರೆ ವಿಷ. ಮಕ್ಕಳ ಕೈಗೆ ಸಿಗದಂತೆ ಇಡಿ, ಗಾಳಿಯಾಡುವ ಕಡೆ ಗ್ಲೌಸ್ ಹಾಕಿಕೊಂಡು ಹಚ್ಚಿ. ಮುಚ್ಚಿದ ಹಾಲಿನೊಳಗಿನ ಕೆಲವು ಟ್ರ್ಯಾಕುಗಳಲ್ಲಿ ಈ ವಾಸನೆಗೆ ಅವಕಾಶವೇ ಇಲ್ಲ.

ಹಿಡಿತ ಹೆಚ್ಚಾದರೂ ಕಷ್ಟವೇ. ತಿರುವಿನಲ್ಲಿ ಟೈರು ಜಾರದೇ ನಿಂತುಬಿಟ್ಟರೆ ಕಾರು ಪಲ್ಟಿ. ಅದಕ್ಕೇ ಮುಂದಿನ ಟೈರುಗಳಿಗೆ ಒಳಗಿನ ಅರ್ಧಕ್ಕಷ್ಟೇ ಹಚ್ಚುವವರಿದ್ದಾರೆ.

ಇಷ್ಟೆಲ್ಲ ಕಲಿತರೂ ಒಂದು ಕೆಲಸ ಉಳಿದಿತ್ತು. ಹೊಸ ಗೋಂದು ಹಾಕಿ ಅಂಟಿಸಿ ಸುಮ್ಮನಿದ್ದುಬಿಡೋಣವೇ ಎಂದು ನಮ್ಮೊಳಗೆ ಮಾತಾಯಿತು. ಅವನಿಗೆ ತಕ್ಷಣ ಗೊತ್ತಾಗುತ್ತಿರಲಿಲ್ಲ. ಸುದ್ದಿ ಬರೆಯುವಾಗ ಊರಿಗೆಲ್ಲ ಸತ್ಯ ಕೇಳುವ ನಾವು ಅರ್ಧ ಗಂಟೆ ಫೋನು ಹಿಡಿದು ಕೂತಿದ್ದೆವು. ಕೊನೆಗೆ ಮಾಡಿದೆವು.

ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ ಕೇಳಿದ: "ನಾಲ್ಕೂ ಹೋದವಾ?"

"ನಾಲ್ಕೂ" ಎಂದೆವು.

ಮೂವರೂ ದುಡ್ಡು ಹಾಕಿ ಹೊಸ ಸೆಟ್ ತಂದುಕೊಟ್ಟೆವು. ತೆಗೆದುಕೊಳ್ಳುವಾಗ ಅವನು ಬೇಡ ಅನ್ನಲಿಲ್ಲ, ನಗಲೂ ಇಲ್ಲ. ಮೂರು ವಾರ ಕಾರು ಅವನ ಮಂಚದ ಕೆಳಗೇ ಇತ್ತು.

ನಾಲ್ಕನೇ ಭಾನುವಾರ ಬಾಗಿಲು ಬಡಿದ. ಒಂದು ಕೈಯಲ್ಲಿ ಕಾರು, ಇನ್ನೊಂದರಲ್ಲಿ ಒದ್ದೆ ಬಟ್ಟೆ. ಬಟ್ಟೆಯನ್ನು ನಮ್ಮ ಕೈಗೆ ಕೊಟ್ಟು, "ಬರೀ ನೀರು" ಎಂದ.